ಕ್ಲಿನಿಕ್ ಮುಚ್ಚದೆ ಓದುವ ದಾರಿ: ಮೂಳೆ, ಕೀಲು, ಸ್ನಾಯು ನೋವಿನ ಚಿಕಿತ್ಸೆಯ ಅರೆಕಾಲಿಕ ವ್ಯಾಸಂಗ

ಕಳೆದ ಸಂಚಿಕೆಯಲ್ಲಿ ಸೊಂಟ ನೋವಿನ ಬಗ್ಗೆ ಬರೆಯುವಾಗ, ಮೂಳೆ, ಕೀಲು ಮತ್ತು ಸ್ನಾಯುಗಳ ನೋವಿನಲ್ಲಿ ಹೆಚ್ಚಿನ ತರಬೇತಿ ಪಡೆದ ಸಾಮಾನ್ಯ ವೈದ್ಯರು ನಮ್ಮ ಮೈಸೂರು, ಮಂಡ್ಯ ಜಿಲ್ಲೆಗಳ ಪ್ರತಿ ತಾಲ್ಲೂಕಿನಲ್ಲೂ ಇರಬೇಕು ಎಂದು ಹೇಳಿದ್ದೆ. ಅದಕ್ಕೆ ವೈದ್ಯರಿಂದಲೂ ಫಿಸಿಯೋಥೆರಪಿಸ್ಟರಿಂದಲೂ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ. ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ಮಾನ್ಯರೇ, ಎಂಬಿಬಿಎಸ್ ಮುಗಿಸಿ ಮಂಡ್ಯದಲ್ಲಿ ಸ್ವಂತ ಕ್ಲಿನಿಕ್ ನಡೆಸುತ್ತಿದ್ದೇನೆ. ಸೊಂಟ, ಮಂಡಿ, ಭುಜ, ಕುತ್ತಿಗೆ ನೋವೆಂದು ಬರುವವರೇ ಹೆಚ್ಚು. ನೋವಿನ ಮಾತ್ರೆ, ಎಕ್ಸ್-ರೇ ಮತ್ತು ‘ರೆಸ್ಟ್ ತಗೊಳ್ಳಿ’ ಎಂಬ ಮಾತನ್ನು ಬಿಟ್ಟರೆ ನನ್ನ ಬಳಿ ಬೇರೇನೂ ಇಲ್ಲವೆನಿಸುತ್ತದೆ. ಮೂರು ವರ್ಷ ಕ್ಲಿನಿಕ್ ಮುಚ್ಚಿ ಓದಲು ಹೋಗುವ ಸ್ಥಿತಿಯಲ್ಲಿ ಇಲ್ಲ. ಕೆಲಸ ಮಾಡುತ್ತಲೇ ಓದುವ ದಾರಿ ಇದೆಯೇ? ಅದರಿಂದ ನಿಜಕ್ಕೂ ಪ್ರಯೋಜನವಾಗುತ್ತದೆಯೇ?
— ಓದುಗ ವೈದ್ಯ, ಮಂಡ್ಯ

ಉತ್ತರ: ದಾರಿ ಇದೆ. ಆದರೆ ನಿಮ್ಮ ಎರಡನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಎಂಥ ಕೋರ್ಸನ್ನು ಆರಿಸಬೇಕು ಎಂಬುದು ಅದರ ಉತ್ತರದಿಂದಲೇ ತೀರ್ಮಾನವಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮೂಳೆ, ಕೀಲು ಮತ್ತು ಸ್ನಾಯುಗಳ ತೊಂದರೆಯೊಂದಿಗೆ ಬದುಕುತ್ತಿರುವವರು ಜಗತ್ತಿನಲ್ಲಿ ಸುಮಾರು 171 ಕೋಟಿ ಜನ. 2020ರಲ್ಲಿ ಸೊಂಟ ನೋವೊಂದೇ 61.9 ಕೋಟಿ ಜನರನ್ನು ಬಾಧಿಸಿತ್ತು. ಇಷ್ಟು ದೊಡ್ಡ ಸಂಕಟಕ್ಕೆ ನಮ್ಮ ಎಂಬಿಬಿಎಸ್ ಓದಿನಲ್ಲಿ ಸಿಗುವುದು ಮೂಳೆ ವಿಭಾಗದ ಕೆಲವು ವಾರಗಳ ಸರದಿ ಮಾತ್ರ. ಅಲ್ಲಿಯೂ ವಿದ್ಯಾರ್ಥಿ ನೋಡುವುದು ಬಹುಮಟ್ಟಿಗೆ ಮೂಳೆ ಮುರಿದು ವಾರ್ಡಿನಲ್ಲಿ ಮಲಗಿದವರನ್ನು. ನಾಟಿ ಮುಗಿಸಿ ಸೊಂಟ ಹಿಡಿದುಕೊಂಡು ಬರುವ ಹೆಂಗಸು, ಕಬ್ಬು ಕಟಾವಿನ ಹಂಗಾಮಿನಲ್ಲಿ ಭುಜ ಎತ್ತಲಾರದ ಕೂಲಿಯಾಳು, ಆಲೆಮನೆಯಲ್ಲಿ ದಿನವಿಡೀ ಬಗ್ಗಿ ದುಡಿಯುವವನು, ಮೈಸೂರಿನಲ್ಲಿ ಊದುಬತ್ತಿ ಹೊಸೆಯುತ್ತ ಕುಳಿತಲ್ಲೇ ಕುತ್ತಿಗೆ ಬಿಗಿದುಕೊಂಡವಳು, ಇವರು ಯಾರೂ ಆ ವಾರ್ಡಿನಲ್ಲಿ ಇರುವುದಿಲ್ಲ. ಅವರು ಬರುವುದು ನಿಮ್ಮ ಕ್ಲಿನಿಕ್ಕಿಗೆ. ಹಾಗಾಗಿ ನಿಮಗೆ ಅನಿಸಿರುವ ಕೊರತೆ ನಿಮ್ಮ ವೈಯಕ್ತಿಕ ದೌರ್ಬಲ್ಯವಲ್ಲ. ನಮ್ಮ ಶಿಕ್ಷಣ ಬಿಟ್ಟುಹೋದ ಜಾಗ ಅದು.

ಒಳ್ಳೆಯ ಅರೆಕಾಲಿಕ ವ್ಯಾಸಂಗ ಮೊದಲು ತಿದ್ದುವುದು ನಾವು ಪ್ರಶ್ನೆ ಕೇಳುವ ಕ್ರಮವನ್ನು. ಇಪ್ಪತ್ತೆಂಟು ವರ್ಷದ ಯುವಕನಿಗೆ ಹಲವು ತಿಂಗಳಿಂದ ಸೊಂಟ ನೋವು ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಎದ್ದಾಗ ಬೆನ್ನು ಎಷ್ಟು ಹೊತ್ತು ಬಿಗಿದಿರುತ್ತದೆ, ಓಡಾಡಿದರೆ ಹಗುರವಾಗುತ್ತದೆಯೋ ಮಲಗಿದರೆ ಹಗುರವಾಗುತ್ತದೆಯೋ, ಬೆಳಗಿನ ಜಾವ ನೋವಿನಿಂದ ಎಚ್ಚರವಾಗುತ್ತದೆಯೇ, ಎಂದಾದರೂ ಕಣ್ಣು ಕೆಂಪಾಗಿ ನೋಯುತ್ತಿತ್ತೇ ಎಂದು ಕೇಳಿದರೆ ಎರಡು ನಿಮಿಷ ಸಾಕು. ಬಿಗಿತ ಅರ್ಧ ಗಂಟೆಗೂ ಮೀರಿದ್ದು, ನಡೆದಾಡಿದರೆ ಕಡಿಮೆಯಾಗಿ, ವಿಶ್ರಾಂತಿಯಿಂದ ಹೆಚ್ಚುವುದಾದರೆ ಅದು ಉರಿಯೂತದ ಬೆನ್ನುನೋವು ಆಗಿರಬಹುದು. ಅಂಥವನಿಗೆ ‘ರೆಸ್ಟ್ ತಗೊಳ್ಳಿ’ ಎನ್ನುವುದು ತಪ್ಪು ಚಿಕಿತ್ಸೆಯಾಗುತ್ತದೆ. ಬೆನ್ನುಮೂಳೆಯ ಕೀಲುಗಳು ಉರಿಯೂತದಿಂದ ಬಿಗಿಯುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ನಂಥ ಕಾಯಿಲೆ ವರ್ಷಗಟ್ಟಲೆ ಪತ್ತೆಯಾಗದೆ ಉಳಿಯುವುದಕ್ಕೆ ಈ ಎರಡು ನಿಮಿಷ ಸಿಗದಿರುವುದೂ ಒಂದು ಕಾರಣ. ಇನ್ನೊಬ್ಬ ರೋಗಿಗೆ ತೂಕ ಇಳಿಯುತ್ತಿದೆ, ಸಂಜೆ ಜ್ವರ ಬರುತ್ತದೆ, ರಾತ್ರಿ ನೋವು ಬಿಡುವುದೇ ಇಲ್ಲ ಎಂದಾದರೆ ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯವನ್ನು ನೆನೆಯಲೇಬೇಕು. ಆರಂಭದಲ್ಲಿ ಎಕ್ಸ್-ರೇ ಸರಿಯಾಗಿಯೇ ಕಾಣಬಹುದು ಎಂಬುದನ್ನೂ ಮರೆಯಬಾರದು. ಕಾಲುನೋವಿನ ಜೊತೆಗೆ ಮೂತ್ರ ಕಟ್ಟಿಕೊಂಡು, ಕುಳಿತುಕೊಳ್ಳುವ ಭಾಗ ಮರಗಟ್ಟಿದ್ದರೆ ಅದು ಅದೇ ದಿನ ಶಸ್ತ್ರಚಿಕಿತ್ಸಕರ ಬಳಿಗೆ ಹೋಗಬೇಕಾದ ರೋಗಿ.

ಎರಡನೆಯದಾಗಿ ತಿದ್ದುವುದು ಸ್ಕ್ಯಾನ್ ವರದಿಯನ್ನು ಓದುವ ರೀತಿಯನ್ನು. ಯಾವ ನೋವೂ ಇಲ್ಲದವರ ಬೆನ್ನಿನ ಚಿತ್ರಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ವಿಮರ್ಶೆಯ ಪ್ರಕಾರ, 20 ವರ್ಷದವರಲ್ಲಿ ಶೇ 37ರಷ್ಟು ಜನರಿಗೆ ಡಿಸ್ಕ್ (ಬೆನ್ನಿನ ಮೂಳೆಗಳ ನಡುವಿನ ಮೆತ್ತೆ) ಸವೆತ ಇತ್ತು. 80 ವರ್ಷದವರಲ್ಲಿ ಅದು ಶೇ 96. ನೋವೇ ಇಲ್ಲದವರಲ್ಲಿ ಇಷ್ಟಾದರೆ, ನೋವಿರುವವರ ಎಂಆರ್‌ಐನಲ್ಲಿ ‘ಡಿಸ್ಕ್ ಸವೆದಿದೆ’ ಎಂಬ ಸಾಲು ಕಂಡೊಡನೆ ಅದೇ ಕಾರಣವೆಂದು ನಿರ್ಧರಿಸುವುದು ಹೇಗೆ? ಆ ಸಾಲನ್ನು ಓದಿ ಹೆದರಿ ಹೊಲಕ್ಕೆ ಇಳಿಯುವುದನ್ನೇ ಬಿಟ್ಟ ರೈತರನ್ನು ನಾನು ಬಲ್ಲೆ. ಅವರ ಸೊಂಟವನ್ನು ಕೈಯಿಂದ ಮುಟ್ಟಿ ಪರೀಕ್ಷಿಸಿದವರು ಯಾರೂ ಇರಲಿಲ್ಲ ಎಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ. ತೊಡೆಯ ಹೊರಬದಿಯ ಎಲುಬಿನ ಉಬ್ಬಿನ ಮೇಲೆ ಬೆರಳೊತ್ತಿದರೆ ಚೀರುವ, ಆ ಮಗ್ಗುಲಿಗೆ ಮಲಗಲಾರದ ಮಧ್ಯವಯಸ್ಸಿನ ಹೆಂಗಸಿಗೆ ‘ಸಯಾಟಿಕಾ’ ಎಂಬ ಹಣೆಪಟ್ಟಿ ಅಂಟಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅದು ನರದ ತೊಂದರೆಯಲ್ಲ, ಅಲ್ಲಿ ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳದ್ದು.

ಈಗ ದಾರಿಯ ವಿಚಾರ. ನ್ಯೂಜಿಲೆಂಡಿನಲ್ಲಿ ಈ ವಿಷಯ ಪ್ರತ್ಯೇಕ ವೈದ್ಯಕೀಯ ವಿಭಾಗವಾಗಿಯೇ ಮಾನ್ಯತೆ ಪಡೆದಿದೆ. ಅಲ್ಲಿಯ ಒಟಾಗೊ ವಿಶ್ವವಿದ್ಯಾಲಯವು ತನ್ನ ಕ್ರೈಸ್ಟ್‌ಚರ್ಚ್ ಕೇಂದ್ರದಿಂದ ದುಡಿಯುವ ವೈದ್ಯರಿಗಾಗಿಯೇ ಮಸ್ಕ್ಯುಲೋಸ್ಕೆಲಿಟಲ್ ಮೆಡಿಸಿನ್‌ನಲ್ಲಿ ದೂರಶಿಕ್ಷಣದ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತ ಬಂದಿದೆ. ಬ್ರಿಟನ್ನಿನ ಹಲವು ವಿಶ್ವವಿದ್ಯಾಲಯಗಳಲ್ಲಿ ವೈದ್ಯರೂ ಫಿಸಿಯೋಥೆರಪಿಸ್ಟರೂ ಒಂದೇ ತರಗತಿಯಲ್ಲಿ ಕೂತು ಓದುವ ಅರೆಕಾಲಿಕ ಕೋರ್ಸುಗಳಿವೆ. ಎರಡೂ ದೇಶಗಳಲ್ಲಿ ಲೆಕ್ಕಾಚಾರ ಬಹುಪಾಲು ಒಂದೇ: ಸರ್ಟಿಫಿಕೇಟಿಗೆ 60 ಅಂಕ (ಪರೀಕ್ಷೆಯ ಅಂಕವಲ್ಲ, ಓದಿನ ಪ್ರಮಾಣವನ್ನು ಅಳೆಯುವ ಕ್ರೆಡಿಟ್), ಡಿಪ್ಲೊಮಾಗೆ 120, ಮಾಸ್ಟರ್ಸ್ ಪದವಿಗೆ 180, ಒಂದು ಅಂಕಕ್ಕೆ ಸುಮಾರು 10 ಗಂಟೆಗಳ ಓದು. ಅಂದರೆ ಡಿಪ್ಲೊಮಾಗೆ 1,200 ಗಂಟೆ. ವರ್ಷಕ್ಕೆ 40 ವಾರ ಓದಿ ಎರಡು ವರ್ಷದಲ್ಲಿ ಮುಗಿಸುವುದಾದರೆ ವಾರಕ್ಕೆ 15 ಗಂಟೆ. ಶುಲ್ಕದ ಪಟ್ಟಿಗಿಂತ ಮೊದಲು ಈ 15 ಗಂಟೆ ಎಲ್ಲಿಂದ ಬರುತ್ತದೆ ಎಂದು ಮನೆಯವರೊಂದಿಗೆ ಕೂತು ಲೆಕ್ಕ ಹಾಕಿ.

ಕೋರ್ಸನ್ನು ಆರಿಸುವಾಗ ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುವುದು ಒಂದೇ ಸಂಗತಿಗೆ: ನೀವು ರೋಗಿಯನ್ನು ಪರೀಕ್ಷಿಸುವುದನ್ನು ಬಲ್ಲವರೊಬ್ಬರು ಕಣ್ಣಾರೆ ನೋಡಿ ತಿದ್ದುತ್ತಾರೆಯೇ? ಉಪನ್ಯಾಸದ ವಿಡಿಯೋ, ಬಹು ಆಯ್ಕೆಯ ಪ್ರಶ್ನೆ ಮತ್ತು ಪ್ರಬಂಧ ಮಾತ್ರ ಇರುವ ಕೋರ್ಸಿನಿಂದ ಜ್ಞಾನ ಬೆಳೆದೀತು, ಕೈ ಪಳಗುವುದಿಲ್ಲ. ಮುಖತಃ ಹಾಜರಾಗಬೇಕಾದ ಶಿಬಿರ ಎಷ್ಟು ದಿನ, ಎಲ್ಲಿ, ಅದರಲ್ಲಿ ಪ್ರಾಯೋಗಿಕ ಪರೀಕ್ಷೆ ಇದೆಯೇ, ಭಾರತದಲ್ಲಿ ನೆಲೆಸಿರುವ ವೈದ್ಯರನ್ನು ಸೇರಿಸಿಕೊಳ್ಳುತ್ತಾರೆಯೇ ಎಂದು ಪತ್ರ ಬರೆದು ಕೇಳಿ. ಉತ್ತರ ಲಿಖಿತವಾಗಿ ಬಂದ ಮೇಲೆಯೇ ಹಣ ಕಟ್ಟಿ.

ಪ್ರಶ್ನೆ: ವಿದೇಶದ ಇಂಥ ಡಿಪ್ಲೊಮಾ ಪಡೆದರೆ ಅದನ್ನು ಇಲ್ಲಿ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿಸಿ, ಬೋರ್ಡಿನಲ್ಲಿ ‘ತಜ್ಞ’ ಎಂದು ಬರೆಸಬಹುದೇ? ದೂರಶಿಕ್ಷಣದಲ್ಲಿ ಇಲ್ಲಿಯೇ ಇಂಥ ಪದವಿ ಸಿಗುವುದೇ?
— ಓದುಗರು, ಮದ್ದೂರು

ಉತ್ತರ: ‘ತಜ್ಞ’ ಎಂದು ಬರೆಸಬೇಡಿ. 2002ರ ವೈದ್ಯಕೀಯ ವೃತ್ತಿ ನಡತೆಯ ನಿಯಮಗಳ ಪ್ರಕಾರ, ಒಂದು ವಿಭಾಗದಲ್ಲಿ ವಿಶೇಷ ಅರ್ಹತೆ ಇಲ್ಲದೆ ತಾನು ಆ ವಿಭಾಗದ ತಜ್ಞನೆಂದು ಹೇಳಿಕೊಳ್ಳುವುದು ದುರ್ನಡತೆ. ಭಾರತದಲ್ಲಿ ಈ ಕ್ಷೇತ್ರಕ್ಕೆ ಹತ್ತಿರದ, ನೋಂದಣಿಗೆ ಅರ್ಹವಾದ ಪದವಿಗಳೆಂದರೆ ಫಿಸಿಕಲ್ ಮೆಡಿಸಿನ್ ಅಂಡ್ ರಿಹ್ಯಾಬಿಲಿಟೇಷನ್ (ದೈಹಿಕ ಪುನಶ್ಚೇತನ), ಸ್ಪೋರ್ಟ್ಸ್ ಮೆಡಿಸಿನ್ ಇವುಗಳಲ್ಲಿ ಎಂಡಿ, ಆರ್ಥೋಪೆಡಿಕ್ಸ್‌ನಲ್ಲಿ ಎಂಎಸ್ ಮತ್ತು ಎಂಡಿ ಮೆಡಿಸಿನ್‌ನಂಥ ಪದವಿಯ ನಂತರ ರುಮಟಾಲಜಿಯಲ್ಲಿ (ಕೀಲುವಾತದಂಥ ಕಾಯಿಲೆಗಳ ವಿಭಾಗ) ಡಿಎಂ ಎಂಬ ಉನ್ನತ ಪದವಿ. ಇವೆಲ್ಲ ಪೂರ್ಣಾವಧಿಯವು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಸ್ನಾತಕೋತ್ತರ ನಿಯಮಗಳೂ ವಿದ್ಯಾರ್ಥಿ ಪೂರ್ಣಾವಧಿ ನಿವಾಸಿ (ರೆಸಿಡೆಂಟ್) ವೈದ್ಯನಾಗಿಯೇ ದುಡಿಯಬೇಕೆಂದು ಹೇಳುತ್ತವೆ. ವೈದ್ಯಕೀಯ ಮತ್ತು ಫಿಸಿಯೋಥೆರಪಿ ಪದವಿಗಳನ್ನು ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಕೊಡುವುದನ್ನು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2020ರ ನಿಯಮಗಳು ನಿಷೇಧಿಸಿವೆ. ಆದ್ದರಿಂದ ‘ಮನೆಯಲ್ಲೇ ಕೂತು ಎಂಡಿಗೆ ಸಮಾನವಾದ ಪದವಿ’ ಎಂಬ ಜಾಹೀರಾತು ಮೊಬೈಲಿಗೆ ಬಂದರೆ ಅಲ್ಲಿಗೇ ಬಿಟ್ಟುಬಿಡಿ.

ಹಾಗಾದರೆ ವಿದೇಶದ ಡಿಪ್ಲೊಮಾ ವ್ಯರ್ಥವೇ? ಅಲ್ಲ. ನಿಮ್ಮ ಎಂಬಿಬಿಎಸ್ ನೋಂದಣಿಯೇ ಸೊಂಟ ನೋವಿನ ರೋಗಿಯನ್ನು ನೋಡುವ ಅಧಿಕಾರವನ್ನು ಈಗಾಗಲೇ ಕೊಟ್ಟಿದೆ. ಆ ಕೆಲಸವನ್ನು ಚೆನ್ನಾಗಿ ಮಾಡುವ ಶಕ್ತಿಯನ್ನು ಡಿಪ್ಲೊಮಾ ಕೊಡುತ್ತದೆ. ಬೋರ್ಡಿಗಾಗಿ ಓದುವವರಿಗೆ ನಿರಾಸೆ ಖಚಿತ. ರೋಗಿಗಾಗಿ ಓದುವವರಿಗೆ ಮೊದಲ ತಿಂಗಳಿಂದಲೇ ಫಲ ಕಾಣುತ್ತದೆ.

ಪ್ರಶ್ನೆ: ನಾನು ಮೈಸೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ಬಿಪಿಟಿ (ಫಿಸಿಯೋಥೆರಪಿ ಪದವಿ) ಓದಿದ್ದೇನೆ. ವಾರಾಂತ್ಯದ ಮ್ಯಾನ್ಯುಯಲ್ ಥೆರಪಿ (ಕೀಲು, ಸ್ನಾಯುಗಳಿಗೆ ಕೈಯಿಂದ ಮಾಡುವ ಚಿಕಿತ್ಸೆ) ಕಾರ್ಯಾಗಾರಗಳ ಪ್ರಮಾಣಪತ್ರಗಳು ಹಲವು ಇವೆ. ಇನ್ನಷ್ಟು ಕಾರ್ಯಾಗಾರಗಳಿಗೆ ಹೋಗಲೇ, ಇಲ್ಲವೇ ಎಂಪಿಟಿ (ಫಿಸಿಯೋಥೆರಪಿಯ ಸ್ನಾತಕೋತ್ತರ ಪದವಿ) ಮಾಡಲೇ?
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಸಾಧ್ಯವಿದ್ದರೆ ಎಂಪಿಟಿ ಮಾಡಿ. ಅದು ಎರಡು ವರ್ಷದ ಪೂರ್ಣಾವಧಿ ಓದು. ಫಿಸಿಯೋಥೆರಪಿ ಕಾಲೇಜುಗಳು ಮೈಸೂರಿನಲ್ಲೇ ಇರುವುದರಿಂದ ಊರು ಬಿಡಬೇಕಾಗಿಲ್ಲ. 2021ರ ರಾಷ್ಟ್ರೀಯ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗ ಕಾಯ್ದೆಯು ನಿಮ್ಮ ವೃತ್ತಿಯನ್ನು ನೋಂದಣಿಯ ಚೌಕಟ್ಟಿಗೆ ತಂದಿರುವುದರಿಂದ, ಮಾನ್ಯತೆ ಇರುವ ಪದವಿಯ ಬೆಲೆ ಮುಂದೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು.

ಕಾರ್ಯಾಗಾರಗಳನ್ನು ನಾನು ಹೀಗಳೆಯುವುದಿಲ್ಲ. ಆದರೆ ಎರಡು ದಿನದಲ್ಲಿ ಕಲಿಸುವುದು ಒಂದು ತಂತ್ರವನ್ನು. ಯಾವ ರೋಗಿಗೆ ಆ ತಂತ್ರ ಬೇಡ ಎಂಬ ವಿವೇಚನೆ ಅಲ್ಲಿ ಸಿಗುವುದಿಲ್ಲ. ಮ್ಯಾನ್ಯುಯಲ್ ಥೆರಪಿಯಲ್ಲಿ ಪರಿಣತರಾದ ಫಿಸಿಯೋಥೆರಪಿಸ್ಟರ ಅಂತರರಾಷ್ಟ್ರೀಯ ಒಕ್ಕೂಟವು ತನ್ನ ಶಿಕ್ಷಣ ಮಾನದಂಡದಲ್ಲಿ ಗುರುವಿನ ಸಮ್ಮುಖದಲ್ಲಿ ರೋಗಿಗಳನ್ನು ನೋಡುವುದಕ್ಕೇ ಕನಿಷ್ಠ 150 ಗಂಟೆ ಮೀಸಲಿಟ್ಟಿರುವುದು ಇದೇ ಕಾರಣಕ್ಕೆ. ನಿಮ್ಮ ಪ್ರಮಾಣಪತ್ರಗಳಲ್ಲಿ ಅಂಥ ಗಂಟೆಗಳು ಒಟ್ಟು ಎಷ್ಟಾಗುತ್ತವೆ ಎಂದು ಕೂಡಿಸಿ ನೋಡಿ. ಇನ್ನೊಂದು ಮಾತು: ದೀರ್ಘಕಾಲದ ಸೊಂಟ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯು ತಿಳಿವಳಿಕೆ, ಕ್ರಮಬದ್ಧ ವ್ಯಾಯಾಮ ಮುಂತಾದವನ್ನು ಶಿಫಾರಸು ಮಾಡಿ, ಸೊಂಟದ ಬೆಲ್ಟು ಮತ್ತು ಟ್ರಾಕ್ಷನ್ (ಬೆನ್ನನ್ನು ಎಳೆದು ಹಿಡಿಯುವ ಚಿಕಿತ್ಸೆ) ವಾಡಿಕೆಯಾಗಿ ಬೇಡವೆಂದಿದೆ. ನಮ್ಮಲ್ಲಿ ಇವೆರಡೂ ಇನ್ನೂ ದಿನನಿತ್ಯದ ಚಿಕಿತ್ಸೆಗಳಾಗಿ ಉಳಿದಿವೆ. ನೀವು ಸೇರಲಿರುವ ಕೋರ್ಸಿನ ಪಠ್ಯದಲ್ಲಿ ಈ ಮಾರ್ಗಸೂಚಿಯ ಚರ್ಚೆ ಇದೆಯೇ ಎಂದು ವಿಚಾರಿಸಿ. ಇಲ್ಲವಾದರೆ ಆ ಪಠ್ಯ ಹಳೆಯದೆಂದು ತಿಳಿಯಿರಿ.

ಪ್ರಶ್ನೆ: ತಾಲ್ಲೂಕು ಆಸ್ಪತ್ರೆಯಲ್ಲಿ ಸರ್ಕಾರಿ ವೈದ್ಯೆಯಾಗಿದ್ದೇನೆ. ಹೊರರೋಗಿ ವಿಭಾಗ, ರಾತ್ರಿ ಪಾಳಿ, ಮನೆಯಲ್ಲಿ ಇಬ್ಬರು ಮಕ್ಕಳು. ಆನ್‌ಲೈನ್ ಡಿಪ್ಲೊಮಾಗೆ ಸೇರುವ ಆಸೆ ಇದೆ. ಅರ್ಧಕ್ಕೆ ನಿಲ್ಲಿಸುವೆನೇನೋ ಎಂಬ ಭಯವೂ ಇದೆ.
— ಓದುಗ ವೈದ್ಯೆ, ಮಳವಳ್ಳಿ ತಾಲ್ಲೂಕು

ಉತ್ತರ: ಮೊದಲು ಗಡಿಯಾರ ನೋಡಿ. ನ್ಯೂಜಿಲೆಂಡಿನಲ್ಲಿ ಸಂಜೆ 7 ಗಂಟೆಗೆ ನೇರ ತರಗತಿ ಇದ್ದರೆ ನಮ್ಮಲ್ಲಿ ಅದು ಋತುವಿಗೆ ತಕ್ಕಂತೆ ಬೆಳಿಗ್ಗೆ 11:30 ಅಥವಾ ಮಧ್ಯಾಹ್ನ 12:30. ನಿಮ್ಮ ಹೊರರೋಗಿ ವಿಭಾಗ ಕಿಕ್ಕಿರಿಯುವ ಹೊತ್ತು. ಬ್ರಿಟನ್ನಿನ ಸಂಜೆ 7 ಗಂಟೆಯೆಂದರೆ ನಮ್ಮಲ್ಲಿ ರಾತ್ರಿ 11:30 ಅಥವಾ 12:30. ತರಗತಿಯ ಧ್ವನಿಮುದ್ರಣ ನಂತರ ಸಿಗುತ್ತದೆಯೇ, ನೇರ ಹಾಜರಿ ಕಡ್ಡಾಯವೇ, ಒಂದು ವರ್ಷ ಬಿಡುವು ಪಡೆದು ಮತ್ತೆ ಮುಂದುವರಿಸಬಹುದೇ ಎಂಬ ಮೂರು ವಿಷಯಗಳು ನಿಮ್ಮಂಥವರಿಗೆ ಪಠ್ಯಕ್ರಮದಷ್ಟೇ ಮುಖ್ಯ. ಇಲಾಖೆಯ ಅನುಮತಿಯನ್ನು ಸೇರುವ ಮುಂಚೆಯೇ ಪಡೆಯಿರಿ, ನಂತರವಲ್ಲ.

ಒಮ್ಮೆಗೇ ಡಿಪ್ಲೊಮಾಗೆ ಸೇರಬೇಕಾಗಿಲ್ಲ. 60 ಅಂಕದ ಸರ್ಟಿಫಿಕೇಟನ್ನು ಮೊದಲು ಮುಗಿಸಿ, ಮುಂದೆ ಅದನ್ನೇ ಡಿಪ್ಲೊಮಾಗೆ ಸೇರಿಸಿಕೊಳ್ಳುವ ಅವಕಾಶವನ್ನು ಅನೇಕ ವಿಶ್ವವಿದ್ಯಾಲಯಗಳು ಕೊಡುತ್ತವೆ. ಅದಕ್ಕೂ ಮೊದಲು ನಿಮ್ಮನ್ನು ನೀವು ಪರೀಕ್ಷಿಸಿಕೊಳ್ಳಬೇಕೆಂದರೆ, ಫಿಫಾ ಸಂಸ್ಥೆ ಉಚಿತವಾಗಿ ನೀಡುವ ಫುಟ್‌ಬಾಲ್ ಮೆಡಿಸಿನ್ ಡಿಪ್ಲೊಮಾ ಇದೆ. ಆಟಗಾರರಿಗಾಗಿ ರೂಪಿಸಿದ್ದಾದರೂ ಮಂಡಿ, ಪಾದದ ಗಂಟು, ತೊಡೆಸಂದಿಯ ಪರೀಕ್ಷೆಯನ್ನು ಅದರಲ್ಲಿ ಚೆನ್ನಾಗಿ ಕಲಿಸಿದ್ದಾರೆ. ಮೂರು ತಿಂಗಳು ಅದನ್ನು ಬಿಡದೆ ಓದಲು ಸಾಧ್ಯವಾದರೆ ಹಣ ಕಟ್ಟುವ ಕೋರ್ಸಿಗೆ ಧೈರ್ಯವಾಗಿ ಸೇರಿ.

ನೀವು ಕೆಲಸದ ಹೊರೆಯನ್ನು ಓದಿಗೆ ಅಡ್ಡಿಯೆಂದು ಭಾವಿಸಿದ್ದೀರಿ. ಈ ವಿಷಯದ ಮಟ್ಟಿಗೆ ನನ್ನ ಅಭಿಪ್ರಾಯ ಬೇರೆ. ಪೂರ್ಣಾವಧಿ ವಿದ್ಯಾರ್ಥಿಗೆ ದೊಡ್ಡಾಸ್ಪತ್ರೆಯಲ್ಲಿ ಕಾಣಸಿಗುವುದು ಬೇರೆ ವೈದ್ಯರು ಸೋಸಿ ಕಳಿಸಿದ ರೋಗಿಗಳು. ನಿಮ್ಮ ಬಳಿಗೆ ಬರುವವರು ಯಾರ ಕೈಯನ್ನೂ ದಾಟದೆ ನೇರವಾಗಿ ಬಂದವರು, ಮತ್ತು ಅದೇ ರೋಗಿ ಆರು ವಾರ ಬಿಟ್ಟು, ಆರು ತಿಂಗಳು ಬಿಟ್ಟು ಪುನಃ ನಿಮ್ಮ ಮುಂದೆಯೇ ಕೂರುತ್ತಾರೆ. ಭುಜ ಬಿಗಿದ ಮಧುಮೇಹಿಯ ಕೈ ಕ್ರಮೇಣ ಹೇಗೆ ಸಡಿಲವಾಗುತ್ತದೆ, ಅದಕ್ಕೆ ಎಷ್ಟು ದೀರ್ಘ ಕಾಲ ಹಿಡಿಯುತ್ತದೆ ಎಂಬುದನ್ನು ಯಾವ ಉಪನ್ಯಾಸವೂ ನಿಮ್ಮ ದಾಖಲೆ ಪುಸ್ತಕದಷ್ಟು ಸ್ಪಷ್ಟವಾಗಿ ತೋರಿಸದು. 2006ರಲ್ಲಿ ಚಿಕೂನ್‌ಗುನ್ಯಾ ಕರ್ನಾಟಕವನ್ನು ವ್ಯಾಪಿಸಿದಾಗ ತಿಂಗಳುಗಟ್ಟಲೆ ಉಳಿದ ಕೀಲುನೋವನ್ನು ಮೊದಲು ಕಂಡು ನಿಭಾಯಿಸಿದ್ದು ಇಂಥ ಆಸ್ಪತ್ರೆಗಳ ವೈದ್ಯರೇ. ಹಾಗಾಗಿ ವಾರಕ್ಕೊಂದು ಅಂಗವನ್ನು ಗೊತ್ತುಮಾಡಿಕೊಳ್ಳಿ. ಆ ವಾರ ಭುಜದ ಪಾಠವಾದರೆ ಬಂದ ಪ್ರತಿ ಭುಜವನ್ನೂ ಒಂದೇ ಕ್ರಮದಲ್ಲಿ ಪರೀಕ್ಷಿಸಿ, ನಾಲ್ಕು ಸಾಲು ಬರೆದಿಡಿ: ಏನೆಂದು ಊಹಿಸಿದೆ, ಏಕೆ, ಏನು ಮಾಡಿದೆ, ಮತ್ತೆ ಬಂದಾಗ ಏನಾಗಿತ್ತು. ವಾರದ 15 ಗಂಟೆಗಳಲ್ಲಿ ಒಂದು ಭಾಗ ಹೀಗೆ ಆಸ್ಪತ್ರೆಯಲ್ಲೇ ಸಲ್ಲುತ್ತದೆ.

ಒಬ್ಬರೇ ಓದುವವರು ನಡುವೆ ನಿಲ್ಲಿಸುವುದು ಹೆಚ್ಚು ಎಂಬುದನ್ನು ಬೋಧಕನಾಗಿ ನಾನು ಕಂಡಿದ್ದೇನೆ. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಮೈಸೂರಿನ ಕೆ.ಆರ್. ಆಸ್ಪತ್ರೆ, ಜೆಎಸ್‌ಎಸ್ ಆಸ್ಪತ್ರೆ, ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ ಇಷ್ಟು ಹತ್ತಿರದಲ್ಲಿರುವಾಗ ಮೂಳೆ ವಿಭಾಗದ ಹಿರಿಯರೊಬ್ಬರಲ್ಲಿ ತಿಂಗಳಿಗೊಂದು ಬೆಳಿಗ್ಗೆ ಅವರ ಹೊರರೋಗಿ ವಿಭಾಗದಲ್ಲಿ ಕೂರಲು ಅನುಮತಿ ಕೇಳಿ. ಹೀಗೆ ಕೇಳಿಕೊಂಡು ಬಂದವರನ್ನು ಹಿಂದಕ್ಕೆ ಕಳಿಸಿದ ಹಿರಿಯರನ್ನು ನಾನು ಹೆಚ್ಚು ಕಂಡಿಲ್ಲ.

ಪ್ರಶ್ನೆ: ಕೋರ್ಸಿನಲ್ಲಿ ಕೀಲಿಗೆ ಇಂಜೆಕ್ಷನ್ ಕೊಡುವುದನ್ನೂ ಅಲ್ಟ್ರಾಸೌಂಡ್ ಬಳಕೆಯನ್ನೂ ಕಲಿಸುತ್ತಾರಂತೆ. ಕ್ಲಿನಿಕ್ಕಿಗೆ ಒಂದು ಚಿಕ್ಕ ಯಂತ್ರ ಕೊಳ್ಳಬಹುದೇ?
— ಓದುಗ ವೈದ್ಯ, ನಂಜನಗೂಡು

ಉತ್ತರ: ಕಾನೂನು ತಿಳಿಯದೆ ಕೊಳ್ಳಬೇಡಿ. ಅಂಗೈಯಗಲದ ಅಲ್ಟ್ರಾಸೌಂಡ್ ಯಂತ್ರವೂ 1994ರ ಪ್ರಸವಪೂರ್ವ ಲಿಂಗಪತ್ತೆ ನಿಷೇಧ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ನೀವು ಭುಜವನ್ನಷ್ಟೇ ನೋಡುತ್ತೀರಿ ಎಂಬುದು ವಿನಾಯಿತಿಗೆ ಕಾರಣವಾಗುವುದಿಲ್ಲ. ಸ್ಥಳದ ನೋಂದಣಿ ಮತ್ತು ಬಳಸುವವರ ಅರ್ಹತೆ ಎರಡನ್ನೂ ಜಿಲ್ಲೆಯ ಸಕ್ಷಮ ಪ್ರಾಧಿಕಾರದ ಮುಂದೆ ತೋರಿಸಬೇಕು. ವಿದೇಶದ ಕೋರ್ಸಿನ ಪ್ರಮಾಣಪತ್ರ ಇದಕ್ಕೆ ಸಾಲದು.

ಇಂಜೆಕ್ಷನ್ ವಿಷಯದಲ್ಲಿ, ಬಲ್ಲವರ ಎದುರಿನಲ್ಲಿ ಸಾಕಷ್ಟು ಸಲ ಮಾಡಿದ ಮೇಲೆಯೇ ಒಬ್ಬರೇ ಮಾಡಿ. ಮಧುಮೇಹಿಗಳಿಗೆ ಸ್ಟೀರಾಯ್ಡ್ ಕೊಟ್ಟ ನಂತರ ಕೆಲವು ದಿನ ಸಕ್ಕರೆ ಏರುತ್ತದೆಂದು ಮುಂಚೆಯೇ ತಿಳಿಸಬೇಕು. ಹಿಮ್ಮಡಿಯ ಸ್ನಾಯುರಜ್ಜುವಿನೊಳಕ್ಕೆ ಎಂದೂ ಚುಚ್ಚಬಾರದು, ಅದು ಹರಿದುಹೋಗುವ ಅಪಾಯವಿದೆ. ಕೀಲು ಕೆಂಪಾಗಿ ಬಿಸಿಯಾಗಿ ಊದಿ ಜ್ವರವೂ ಇದ್ದರೆ ಅದು ಸೋಂಕಲ್ಲವೆಂದು ಖಚಿತವಾಗುವವರೆಗೆ ಸ್ಟೀರಾಯ್ಡ್ ಕೊಡಲೇಬಾರದು.

ಪ್ರಶ್ನೆ: ನಾನು ವೈದ್ಯನಲ್ಲ. ನಮ್ಮೂರಿನ ಡಾಕ್ಟರು ಇಂಥದೊಂದು ಕೋರ್ಸ್ ಓದುತ್ತಿದ್ದಾರೆ. ನಮ್ಮ ತಂದೆಯವರ ಮಂಡಿ ನೋವಿನ ವಿವರವನ್ನು ತಮ್ಮ ಪಾಠಕ್ಕೆ ಬಳಸಿಕೊಳ್ಳಲೇ, ನಡೆಯುವ ವಿಡಿಯೋ ತೆಗೆಯಲೇ ಎಂದು ಕೇಳಿದ್ದಾರೆ. ಒಪ್ಪಬಹುದೇ?
— ಓದುಗರು, ಶ್ರೀರಂಗಪಟ್ಟಣ

ಉತ್ತರ: ತಂದೆಯವರಿಗೆ ಮನಸ್ಸಿದ್ದರೆ ಧಾರಾಳವಾಗಿ ಒಪ್ಪಬಹುದು, ಒಪ್ಪಬೇಕಾದವರು ಅವರು, ನೀವಲ್ಲ. ನಿಮ್ಮ ಡಾಕ್ಟರು ಕೇಳಿದ್ದೇ ಒಳ್ಳೆಯ ಲಕ್ಷಣ. ಗುರುತು ತಿಳಿಯುವಂಥ ಫೋಟೊ ಅಥವಾ ವಿವರವನ್ನು ರೋಗಿಯ ಅನುಮತಿಯಿಲ್ಲದೆ ವೈದ್ಯರು ಪ್ರಕಟಿಸುವಂತಿಲ್ಲ ಎಂದು 2002ರ ನಿಯಮಗಳಲ್ಲೇ ಇದೆ. ಸಹಿ ಹಾಕುವ ಮುಂಚೆ ಕೆಲವು ವಿಷಯ ಕೇಳಿಕೊಳ್ಳಿ. ವಿಡಿಯೋದಲ್ಲಿ ಮುಖ ಕಾಣುತ್ತದೆಯೇ, ಅದನ್ನು ಯಾರು ಯಾರು ನೋಡುತ್ತಾರೆ, ಕೋರ್ಸ್ ಮುಗಿದ ಮೇಲೆ ಅಳಿಸುತ್ತಾರೆಯೇ ಎಂಬುದಕ್ಕೆ ಕನ್ನಡದಲ್ಲಿ ಬರೆದ ಒಪ್ಪಿಗೆ ಪತ್ರದಲ್ಲೇ ಉತ್ತರ ಇರಬೇಕು. ಮಂಡಿಯಿಂದ ಕೆಳಗಷ್ಟೇ ತೆಗೆದರೂ ನಡಿಗೆಯ ಪಾಠಕ್ಕೆ ಬಹುಪಾಲು ಸಾಕಾಗುತ್ತದೆ, ಹಾಗೆ ಕೋರಿಕೊಳ್ಳಬಹುದು. ಕೊಟ್ಟ ಒಪ್ಪಿಗೆಯನ್ನು ತಂದೆಯವರು ಯಾವಾಗ ಬೇಕಾದರೂ ಹಿಂಪಡೆಯಬಹುದು. ಒಪ್ಪದಿದ್ದರೂ, ಹಿಂಪಡೆದರೂ ಅವರ ಚಿಕಿತ್ಸೆ ಈಗಿರುವಂತೆಯೇ ನಡೆಯಬೇಕು.